ಬಟ್ಟಲು ದಾಟಿದ ಎಂಟು ಮಂದಿ

ಕೊಳೆತ ಮಾವಿನ ದಿಮ್ಮಿಯ ಮೇಲೆ ಬಟ್ಟಲಿನಂಥ ಒಂದು ಕೆಂಪು ಅಣಬೆ ಬೆಳೆದಿತ್ತು. ಆ ಬಟ್ಟಲಿನ ತುಂಬ ಉದ್ದುದ್ದನೆಯ ಪುಟ್ಟ ಚೀಲಗಳಿದ್ದವು; ಒಂದೊಂದರಲ್ಲೂ ಎಂಟೆಂಟು ಬೀಜಕಣಗಳು. ಅಂಥದೊಂದು ಚೀಲದ ಬಾಯಿಗೆ ತೀರ ಹತ್ತಿರ ಕುಳಿತಿದ್ದವಳು ತುದಿಯಕ್ಕ. ಮಿಕ್ಕ ಏಳು ತಂಗಿಯರು ಅವಳ ಕೆಳಗೆ ಸಾಲಾಗಿದ್ದರು.

ನೀರು ಕುಡಿದು ಬಿಗಿದುಕೊಂಡಿದ್ದ ಚೀಲ ಹೇಳಿತು: “ಇನ್ನು ತಡೆಯಲಾರೆ, ಬಾಯಿ ಬಿಡುತ್ತೇನೆ. ಎಲ್ಲರೂ ಒಬ್ಬರನ್ನೊಬ್ಬರು ಹಿಡಿದುಕೊಳ್ಳಿ.”

“ಇವರ ಭಾರ ನನಗೇಕೆ? ಒಬ್ಬಳೇ ಆದರೆ ಹಗುರಾಗಿ ದೂರ ಹೋಗುತ್ತೇನೆ,” ಎಂದಳು ತುದಿಯಕ್ಕ.

ಅಷ್ಟರಲ್ಲಿ ಪಕ್ಕದ ಚೀಲದಿಂದ ಒಬ್ಬಳು ಒಂಟಿಯಾಗಿ ಚಿಮ್ಮಿದಳು. ಅಷ್ಟು ಹಗುರಾದವಳನ್ನು ಬಟ್ಟಲಿನ ಮೇಲೆ ನಿಂತಿದ್ದ ಗಾಳಿ ಅಲ್ಲೇ ತಡೆಯಿತು. ಪಾಪ, ಬಟ್ಟಲಿನೊಳಕ್ಕೇ ಮರಳಿ ಬಿದ್ದಳು. ಅದನ್ನು ಕಂಡ ತುದಿಯಕ್ಕ ತಟ್ಟನೆ ತಂಗಿಯರ ಕಡೆ ತಿರುಗಿದಳು.

“ಬನ್ನಿರೇ, ನನ್ನನ್ನು ಗಟ್ಟಿಯಾಗಿ ಹಿಡಿದುಕೊಳ್ಳಿ! ಕೊನೆಯವಳು ಬಂದಳೇ?”

“ಬಂದೆ ಅಕ್ಕಾ!”

ಚೀಲ ಫಟ್ಟನೆ ಬಾಯಿ ಬಿಟ್ಟಿತು. ಎಂಟು ಮಂದಿಯೂ ಒಂದೇ ಉಂಡೆಯಾಗಿ ಬಟ್ಟಲಿನ ಅಂಚು ದಾಟಿ, ಬೀಸುಗಾಳಿ ಹತ್ತಿ, ಆಚೆ ಬಿದ್ದಿದ್ದ ಹಸಿ ಕೊಂಬೆಯ ಮೇಲೆ ಇಳಿದರು.

“ಅಕ್ಕಾ, ಇನ್ನು ಕೈ ಬಿಡಲೇ?” ಎಂದು ಕೊನೆಯವಳು ಕೇಳಿದಳು.

“ಒಂದು ಗಳಿಗೆ ತಾಳೇ,” ಎಂದು ತುದಿಯಕ್ಕ ನಕ್ಕಳು. “ನನಗಿನ್ನೂ ತಲೆ ಸುತ್ತುತ್ತಿದೆ.”