ಕೆಂಜುಟ್ಟನ ಪ್ರಮೇಯ

ನಂಬುವುದಿಲ್ಲ ಅನ್ನುವ ಎದೆಗಾರರಿದ್ದರೆ ಎದ್ದು ನಿಲ್ಲಿ: ನಮ್ಮೂರ ಹುಂಜ ಕೆಂಜುಟ್ಟ ಬೀಜಗಣಿತದ ಪಂಡಿತ. ಹಟ್ಟಿಯ ವಿದ್ಯಾಪೀಠದಲ್ಲಿ ಗುರುವಿನ ಗದ್ದುಗೆ ತೆರವಾದಾಗ ಅವನು ಎದೆಯುಬ್ಬಿಸಿಕೊಂಡು ಹಿರಿಯ ಎಮ್ಮೆಯ ಮುಂದೆ ನಿಂತ.

“ನನ್ನ ಪ್ರಬಂಧವನ್ನು ಉಲ್ಲೇಖಿಸದ ಪ್ರಾಣಿಯೇ ಇಲ್ಲ, ಎಮ್ಮಕ್ಕ. ಗದ್ದುಗೆ ಬೇರೆ ಯಾರಿಗೆ ಕೊಡುತ್ತೀ?”

“ಉಲ್ಲೇಖಿಸಿ ಏನು ಬರೆದಿದ್ದಾರೆ, ಓದಿದೆಯೇನಪ್ಪ?”

“ಓದಲಿಕ್ಕೆ ಪುರುಸೊತ್ತೆಲ್ಲಿ? ಎಣಿಸಿದ್ದೇನಲ್ಲ!”

ಎಮ್ಮೆ ಮೆಲುಕು ನಿಲ್ಲಿಸಿತು. “ನಾನು ಓದಿದೆ. ಎಲ್ಲರೂ ನಿನ್ನ ತಪ್ಪನ್ನೇ ತೋರಿಸಿದ್ದಾರೆ. ಸೊನ್ನೆಯಿಂದ ಭಾಗಿಸಬಾರದೆಂಬುದನ್ನು ಮರೆತು, ಸೊನ್ನೆಯನ್ನೂ ಕಾಳೆಂದು ಕುಕ್ಕಿದ್ದೀಯಲ್ಲೋ! ಆದರೆ ಅದನ್ನು ತಿದ್ದುತ್ತಾ ತಿದ್ದುತ್ತಾ ಹಟ್ಟಿಯೆಲ್ಲ ಗಣಿತ ಕಲಿಯಿತು.”

ಗದ್ದುಗೆ, ತಪ್ಪನ್ನು ಮೊದಲು ಹಿಡಿದ ಬಾತುಕೋಳಿಗೆ ಹೋಯಿತು. ಕೆಂಜುಟ್ಟನಿಗೆ ಸಿಕ್ಕಿದ್ದು ಇಷ್ಟು: ಆ ತಪ್ಪಿಗೆ ಅವನ ಹೆಸರಿಟ್ಟರು.