ಕೆಂಚವ್ವ ಓಗೊಟ್ಟದ್ದು

ದೀಪವಿಟ್ಟಾದ ಮೇಲೆ, ಒಲೆಯ ಮೇಲೆ ಅನ್ನ ಕುದಿಯುತ್ತಿರುವಾಗ, ಹಸಿದ ಮಕ್ಕಳು ಇನ್ನೂ ಸಿಡಿಮಿಡಿಗೊಳ್ಳದಿರುವ ಹೊತ್ತಿನಲ್ಲಿ ಹೇಳತಕ್ಕ ಕಥೆಯಿದು. ಹತ್ತಿರ ಕುಳಿತವರಿಗಷ್ಟೇ ಕೇಳುವ ಮೆಲುದನಿಯಲ್ಲಿ ಹೇಳುವುದು ವಾಡಿಕೆ. ದೂರ ಕುಳಿತವರು ತಾವಾಗಿಯೇ ಸರಿದು ಬರುತ್ತಾರೆ.

ಬೆಕ್ಕುಗಳು ಮನುಷ್ಯರ ಸಂಗಡ ಮಾತನಾಡುವುದನ್ನು ಇನ್ನೂ ಬಿಟ್ಟಿರದ ಕಾಲದಲ್ಲಿ, ಒಂದು ಊರಿನಲ್ಲಿ ತಾಮ್ರದ ಹಂಡೆ ಕೊಡಗಳನ್ನು ಬಡಿಯುವವರ ಕೇರಿಯೊಂದಿತ್ತಂತೆ. ಸೂರ್ಯನು ಹುಟ್ಟುವ ಮೊದಲೇ ಸುತ್ತಿಗೆಗಳು ಏಳುತ್ತಿದ್ದವು. ಆತನು ಮುಳುಗಿದ ಮೇಲೆಯೇ ಅವು ಮಲಗುತ್ತಿದ್ದವು. ಆ ಸದ್ದಿನಲ್ಲಿ ಗಂಡನು ಹೆಂಡತಿಯನ್ನು ಕೂಗಿ ಕರೆಯುತ್ತಿದ್ದ, ಹೆಂಡತಿ ಅತ್ತೆಗೆ ಕೂಗಿ ಹೇಳುತ್ತಿದ್ದಳು, ಅತ್ತೆ ದೇವರಿಗೆ ಕೂಗಿ ಹರಸಿಕೊಳ್ಳುತ್ತಿದ್ದಳಂತೆ.

ಆ ಕೇರಿಯ ಮಕ್ಕಳಿಗೊಂದು ಪರೀಕ್ಷೆಯಿತ್ತು. ಹೆಣ್ಣಾಗಲಿ ಗಂಡಾಗಲಿ, ಹಾಲುಹಲ್ಲು ಬೀಳುವ ಪ್ರಾಯಕ್ಕೆ ಬಂದ ಕೂಸನ್ನು ಕಾಳಮ್ಮನ ಗುಡಿಗೆ ಕರೆತರಬೇಕು. ಕೇರಿಯ ಯಜಮಾನನು ದೇವಿಯ ಕಡೆಗೆ ಮುಖಮಾಡಿ, ಕೂಸಿಗೆ ಬೆನ್ನುಕೊಟ್ಟು, ಅದರ ಹೆಸರನ್ನು ಒಂದೇ ಸಲ ಕರೆಯುವನು. ಓಗೊಟ್ಟ ಕೂಸಿನ ಕೈಗೆ ಸುತ್ತಿಗೆ. ಓಗೊಡದಿದ್ದರೆ ಬದುಕಿರುವ ತನಕ ಕುಲುಮೆಯ ಹಿಂದೆ ಕುಳಿತು ತಿದಿಯೊತ್ತಿ ಬೆಂಕಿಗೆ ಗಾಳಿಯೂದುವ ಕೆಲಸ.

ಆ ಕೇರಿಗೆ ಕುರಿಗಾಹಿಗಳ ಊರಿನಿಂದ ಸೊಸೆಯಾಗಿ ಬಂದವಳು ಹಾಲಮ್ಮ. ಅವಳ ಮಗಳು ಕೆಂಚವ್ವ. ಕೂಸು ಚೆಲುವೆ, ಚುರುಕು. ಆದರೆ ಕರೆದರೆ ತಿರುಗುವುದಿಲ್ಲ, ಹೇಳಿದರೆ ನಿಲ್ಲುವುದಿಲ್ಲ. ನೀರು ತಾ ಎಂದರೆ ಚಿಟ್ಟೆಯ ಬೆನ್ನು ಹತ್ತಿ ಹೋಗುತ್ತಿತ್ತಂತೆ.

ನೆರೆಮನೆಯ ರುದ್ರವ್ವ ಗೋಡೆಯಾಚೆಯಿಂದಲೇ ಕೂಗಿದಳು: "ಏನೇ ಹಾಲಮ್ಮಾ, ನಿನ್ನ ಮಗಳ ಕಿವಿಗೆ ಕದ ಹಾಕಿ ಅಗುಳಿ ಜಡಿದಿದ್ದೀಯಾ? ಈಗಿನಿಂದಲೇ ತಿದಿಯ ಮುಂದೆ ಮಣೆ ಹಾಕಿಬಿಡು, ಕೂತು ಅಭ್ಯಾಸವಾಗಲಿ!"

ಪರೀಕ್ಷೆಯ ದಿನ ಹತ್ತಿರವಾಗುತ್ತಿತ್ತು. ಹಾಲಮ್ಮ ಮಗಳನ್ನು ಗದರಿಸಿದಳು, ಕೂಗಿದಳು, ಕಿವಿ ಹಿಂಡಿದಳು. ಕೂಸು ಅತ್ತಿತೇ ಹೊರತು ಕೇಳಲಿಲ್ಲ. ಕೊನೆಗೆ ಹಿತ್ತಿಲಲ್ಲಿ ತಾನೂ ಅಳುತ್ತ ಕುಳಿತಾಗ, ಕಣಜದ ಬಳಿ ಹೊಂಚುಹಾಕಿದ್ದ ಬೆಕ್ಕೊಂದು ಕಣ್ಣಿಗೆ ಬಿತ್ತಂತೆ.

"ಈ ಗದ್ದಲದಲ್ಲಿ ಇಲಿಯ ಹೆಜ್ಜೆ ನಿನಗೆ ಹೇಗೆ ಕೇಳುತ್ತದೆ, ನನ್ನವ್ವಾ?" ಎಂದಳು.

"ಮೊದಲು ನೀನು ಮೆಲ್ಲಗೆ ಮಾತಾಡು. ನನ್ನ ಊಟ ಓಡಿಹೋಗುತ್ತದೆ," ಎಂದಿತು ಬೆಕ್ಕು. "ನಾನೇನು ಎಲ್ಲವನ್ನೂ ಕೇಳುತ್ತೇನೆಯೇ? ಒಂದನ್ನೇ ಕೇಳುತ್ತೇನೆ. ಸಮೀಪ ಬಂದು ಕೂರುತ್ತೇನೆ, ಕಾಯುತ್ತೇನೆ. ನೀನೋ, ಅಡುಗೆಮನೆಯಲ್ಲಿ ನಿಂತು ಬೀದಿಯಲ್ಲಿರುವ ಕೂಸಿಗೆ ನೀರು ತಾ, ಕೋಳಿ ಓಡಿಸು, ಮೂಗು ಒರೆಸಿಕೋ ಎಂದು ಎಲ್ಲವನ್ನೂ ಒಟ್ಟಿಗೆ ಎರಚುತ್ತೀಯೆ. ಈ ಕೇರಿಯಲ್ಲಿ ಹುಟ್ಟಿದ ಕೂಸು ಕಿವಿ ಮುಚ್ಚಿಕೊಳ್ಳದಿದ್ದರೆ ನಿದ್ದೆಯನ್ನಾದರೂ ಹೇಗೆ ಮಾಡೀತು?"

ಹಾಲಮ್ಮ ಅಂದಿನಿಂದ ಕೂಗುವುದನ್ನು ಬಿಟ್ಟಳು. ಮಗಳ ಬಳಿಗೆ ಹೋಗಿ, ಮೊಣಕಾಲೂರಿ, ಅವಳ ಕಣ್ಣು ತನ್ನ ಕಣ್ಣಿಗೆ ಬರುವವರೆಗೆ ಕಾದು, ಒಂದೇ ಮಾತನ್ನು ಹೇಳತೊಡಗಿದಳು. ಸುತ್ತಿಗೆಗಳು ಮಲಗಿದ ಮೇಲೆ ಕೂಸನ್ನು ತೊಡೆಯ ಮೇಲಿಟ್ಟುಕೊಂಡು ಆಟ ಹೂಡುವಳು.

"ಕಣ್ಣು ಮುಚ್ಚು ನನ್ನ ಬಂಗಾರಾ. ಏನು ಕೇಳುತ್ತದೆ?"

"ಏನೂ ಇಲ್ಲವ್ವಾ."

"ಇನ್ನಷ್ಟು ಕೇಳು."

"ಕರು ಮೆಲುಕುಹಾಕುತ್ತಿದೆ."

"ಇನ್ನಷ್ಟು ಕೇಳು."

"ನಿನ್ನ ಹೊಟ್ಟೆ ಗುರುಗುಡುತ್ತಿದೆ!" ಎಂದು ಕೂಸು ಬಿದ್ದು ಬಿದ್ದು ನಕ್ಕಿತಂತೆ.

ಒಂದು ದಿನ ಒಂದು ಸದ್ದು, ಮರುದಿನ ಇನ್ನೊಂದು ಸದ್ದು. ಹೀಗೆ ಕೇಳುತ್ತ ಕೇಳುತ್ತ, ಹುಣಿಸೆಯ ಎಲೆ ನೆಲಕ್ಕೆ ತಾಕುವುದೂ ಕೂಸಿಗೆ ತಿಳಿಯಿತು. ತಾಯಿ ಬಾಯಿ ತೆರೆದರೆ ಆಟ ಬಿಟ್ಟು ಕೇಳುವುದೂ ತಿಳಿಯಿತು.

ಪರೀಕ್ಷೆಯ ಬೆಳಗು ಬಂದಿತು. ಸುತ್ತಿಗೆಗಳನ್ನು ಕೆಳಗಿಟ್ಟು ಕೇರಿಯೆಲ್ಲ ಗುಡಿಯ ಮುಂದೆ ನೆರೆಯಿತು. ಯಜಮಾನ ಕಾಳಾಚಾರಿ, ಹುಬ್ಬೂ ನರೆತ ಮುದುಕ, ದೇವಿಯ ಕಡೆಗೆ ತಿರುಗಿ ಕೈಮುಗಿದು ಕರೆದನು: "ಕೆಂಚವ್ವಾ!"

"ಓ ಅಜ್ಜಾ," ಎಂದಿತು ಕೂಸು, ಅವ್ವ ಕಲಿಸಿದ ಮೆಲುದನಿಯಲ್ಲಿ.

ಯಜಮಾನ ಕಾದನು. ತಿರುಗಿ ನೋಡದೆ, ಸೋತ ದನಿಯಲ್ಲಿ, "ಓಗೊಡಲಿಲ್ಲ. ತಿದಿಗೆ ಕೂರಿಸಿರಿ," ಎಂದನಂತೆ.

"ಓಗೊಟ್ಟಳಲ್ಲಾ!" ಎಂದು ಹಾಲಮ್ಮ ಚೀರಿದಳು.

"ಹೆತ್ತವಳಿಗೆ ಎಲ್ಲವೂ ಕೇಳಿಸುತ್ತದೆ, ಸುಮ್ಮನಿರೇ," ಎಂದಳು ರುದ್ರವ್ವ. ನೆರೆದ ಯಾರಿಗೂ ಆ ಉತ್ತರ ಕೇಳಿಸಿರಲಿಲ್ಲ.

ಕೆಂಚವ್ವ ತಾಯಿಯ ಕೈ ಬಿಡಿಸಿಕೊಂಡು ಮೆಟ್ಟಿಲೇರಿದಳು. ಯಜಮಾನನ ಮುಂದೆ ಬಂದು, ಪಂಚೆಯ ಚುಂಗು ಜಗ್ಗಿ, ಅವನ ಕಣ್ಣು ತನ್ನ ಕಣ್ಣಿಗೆ ಬರುವವರೆಗೆ ಕಾದಳಂತೆ. ಆಮೇಲೆ ಬಾಯ್ತುಂಬ ಹೇಳಿದಳು: "ಅಜ್ಜಾ, ನೀನು ಕರೆದೆ. ನಾನು ಓ ಅಂದೆ. ನಿನಗೇ ಕೇಳಲಿಲ್ಲ."

"ನನಗೆ ಕೇಳಲಿಲ್ಲವೇ? ಹಾಗಾದರೆ ನಿನಗೆ ಏನು ಕೇಳಿತು, ಹೇಳು."

"ಕೆಂಚವ್ವಾ ಅಂದೆ. ಅದಕ್ಕೂ ಮುಂಚೆ ಮೆಲ್ಲಗೆ, 'ತಾಯೀ, ಈ ಕೂಸಾದರೂ ಓ ಅನ್ನಲಿ' ಅಂತ ಕಾಳಮ್ಮನ ಹತ್ತಿರ ಬೇಡಿಕೊಂಡೆ."

ಕಾಳಾಚಾರಿಯ ಮುಖ ಬಿಳಿಚಿಕೊಂಡಿತು. ದೇವಿಯ ಮುಂದೆ ಪಿಸುದನಿಯಲ್ಲಷ್ಟೇ ಆಡಿದ ಮಾತದು. ಬದುಕೆಲ್ಲ ತಾಮ್ರ ಬಡಿದು ತನ್ನ ಕಿವಿಯೇ ಹೋಗಿದೆಯೆಂಬುದು ಅವನಿಗೆ ಅಂದೇ ತಿಳಿದದ್ದು. ತನ್ನಂತೆಯೇ ಬಡಿಯುತ್ತ ಮುದುಕರಾದ ಹಿಂದಿನ ಯಜಮಾನರಿಗೂ ಇದೇ ಗತಿಯಾಗಿದ್ದಿರಬೇಕೆಂದು ಹೊಳೆಯಿತು.

ಆಗ ಜನರ ಹಿಂದಿನಿಂದ, ಮಸಿಹಿಡಿದ ಮೈಯ ಗಂಗಪ್ಪ ಮುಂದೆ ಬಂದನು. ಚಿಕ್ಕಂದಿನಿಂದ ತಿದಿಯೊತ್ತುತ್ತಲೇ ತಲೆ ನರೆತವನು ಅವನು. "ಯಜಮಾನರೇ," ಎಂದನು, "ನನ್ನ ಪರೀಕ್ಷೆಯ ದಿನ ನಾನೂ ಓ ಎಂದಿದ್ದೆ. ನಾನೇ ಕೇರಿಗೆ ಬೇಡವಾದವನಿರಬೇಕೆಂದು ಸುಮ್ಮನಾದೆ."

ಕಾಳಾಚಾರಿಗೆ ಆ ಮಾತೂ ಕೇಳಲಿಲ್ಲ. ಕೆಂಚವ್ವ ಅದನ್ನು ಅವನ ಕಿವಿಯ ಹತ್ತಿರ ಹೇಳಿದಳು. ಮುದುಕನು ಮೆಟ್ಟಿಲಿಳಿದು ಬಂದು ಗಂಗಪ್ಪನ ಎರಡೂ ಕೈಗಳನ್ನು ಹಿಡಿದುಕೊಂಡು ಬಹಳ ಹೊತ್ತು ಅತ್ತನಂತೆ.

ಕೆಂಚವ್ವನಿಗೆ ಅಂದೇ ಸುತ್ತಿಗೆ ಸಿಕ್ಕಿತು, ಗಂಗಪ್ಪನಿಗೂ ಸಿಕ್ಕಿತು. ಅಂದಿನಿಂದ ಆ ಕೇರಿಯಲ್ಲಿ ಕೂಸನ್ನು ಕರೆಯುವವನು ಅದರ ಎದುರು ಕುಳಿತು ಕರೆಯುತ್ತಾನೆ, ಕರೆದು ಕಾಯುತ್ತಾನೆ. ತಿದಿಯನ್ನು ಎಲ್ಲರೂ ಸರದಿಯ ಮೇಲೆ ಒತ್ತುತ್ತಾರಂತೆ.