ಕಲ್ಲುಕಂಬದ ಮೇಲಿನ ಯಂತ್ರ

“ಬುದ್ಧಿ, ಮೈ ಅಲುಗಿಸದೆ ಕೂರುವುದನ್ನು ಕಲಿತೆ. ಮನಸ್ಸು ಮಾತ್ರ ಕೂತ ಕಡೆ ಕೂರುವುದಿಲ್ಲ. ಧ್ಯಾನಕ್ಕೆಂದು ಕಣ್ಣು ಮುಚ್ಚಿದರೆ ಸಾಕು, ಜಾರಿ ಹೋಗಿರುತ್ತದೆ. ಹಿಡಿದು ತರುತ್ತೇನೆ, ಮತ್ತೆ ಜಾರುತ್ತದೆ. ಇಂಥವನಿಗೆ ಮಠ ಏಕೆ?”

ಗುರುಗಳನ್ನು ಹೀಗೆ ಕೇಳಿದ ಶಿಷ್ಯನ ಹೆಸರು ಗುರುಪಾದ. ಹೊರಟುಹೋಗುವ ಮನಸ್ಸು ಮಾಡಿಯೇ ಬಂದಿದ್ದ. ಗುರುಗಳು ಅವನನ್ನು ಕೂರಿಸಿಕೊಂಡು ಈ ಕತೆ ಹೇಳಿದರು.

ಕಡಲತೀರದ ಒಂದು ದೇಶದಲ್ಲಿ ಒಬ್ಬಳು ಎಂಜಿನಿಯರ್ ಇದ್ದಳು. ನೀರಿನೊಳಗೆ ಮುಳುಗಿ ಸಾಗುವ ನೌಕೆಗೆ ದಾರಿ ಹೇಳುವ ಯಂತ್ರವನ್ನು ಮಾಡುವ ಕೆಲಸ ಅವಳ ಪಾಲಿಗೆ ಬಂತು. ನೀರಿನ ಆಳದಲ್ಲಿ ನಕ್ಷತ್ರ ಕಾಣುವುದಿಲ್ಲ, ದಡ ಕಾಣುವುದಿಲ್ಲ, ಮೇಲಿನವರ ಮಾತು ಕೇಳುವುದಿಲ್ಲ. ಹೊರಟ ಜಾಗವನ್ನು ಒಮ್ಮೆ ಹೇಳಿಬಿಟ್ಟರೆ ಆಮೇಲೆ ಯಂತ್ರ ಯಾರನ್ನೂ ಕೇಳಬಾರದು. ಎಷ್ಟು ಸಾಗಿದೆ, ಎತ್ತ ತಿರುಗಿದೆ ಎಂಬುದನ್ನು ತನ್ನೊಳಗೇ ಅರಿತು, ಕೂಡಿಕೊಂಡು, ಈಗ ಎಲ್ಲಿದ್ದೇವೆ ಎಂದು ಹೇಳಬೇಕು. ಆ ದೇಶದಲ್ಲಿ ಅಂಥದ್ದನ್ನು ಅದುವರೆಗೆ ಯಾರೂ ಮಾಡಿರಲಿಲ್ಲ. ಕೇಳೋಣವೆಂದರೆ ಬಲ್ಲವರಿರಲಿಲ್ಲ.

ಅವಳು ಯಂತ್ರದೊಳಗೆ ರಭಸದಿಂದ ಸುತ್ತುವ ಗಾಲಿಗಳನ್ನು ಇಟ್ಟಳು. ಸುತ್ತುವ ಬುಗುರಿ ತನ್ನ ನಿಲುವನ್ನು ಸುಲಭಕ್ಕೆ ಬಿಟ್ಟುಕೊಡುವುದಿಲ್ಲ. ಹಾಗಾಗಿ ನೌಕೆ ಎತ್ತ ತಿರುಗಿದರೂ ಗಾಲಿಗಳಿಂದ ತಿಳಿಯುತ್ತದೆ. ಜೊತೆಗೆ ಸಣ್ಣ ಗುಂಡುಗಳನ್ನು ಇಟ್ಟಳು. ಬಸ್ಸು ಹೊರಟಾಗ ನಿಂತವರು ಹಿಂದಕ್ಕೆ ವಾಲುವ ಹಾಗೆ, ನೌಕೆಯ ವೇಗ ಏರಿದರೆ ಅವೂ ವಾಲುತ್ತವೆ. ಎಷ್ಟು ಸಾಗಿತು ಎಂಬ ಲೆಕ್ಕ ಅದರಿಂದ ಸಿಗುತ್ತದೆ.

ಪರೀಕ್ಷೆಗೆಂದು, ನೆಲದಡಿಯ ಬಂಡೆಯವರೆಗೆ ಇಳಿಸಿದ ಒಂದು ಕಲ್ಲುಕಂಬವಿತ್ತು. ರಸ್ತೆಯಲ್ಲಿ ಲಾರಿ ಹೋದರೂ ಅದು ನಡುಗುತ್ತಿರಲಿಲ್ಲ. ಯಂತ್ರವನ್ನು ಅದರ ಮೇಲಿಟ್ಟು, ಬಾಗಿಲು ಹಾಕಿಕೊಂಡು ಹೋದಳು. ಬಂದು ನೋಡಿದರೆ ಯಂತ್ರ ತಾನು ತಿರುಗಿದ್ದೇನೆ ಎನ್ನುತ್ತಿತ್ತು. ಕೋಣೆ ಬಿಟ್ಟು, ಊರು ಬಿಟ್ಟು, ಕಡಲೊಳಗೆ ಎಲ್ಲೋ ಇದ್ದೇನೆ ಎನ್ನುತ್ತಿತ್ತು. ಬಿಚ್ಚಿದಳು. ಒರೆಸಿದಳು. ಗಾಲಿಗಳ ತೂಕ ಸರಿಮಾಡಿದಳು. ಮತ್ತೆ ಇಟ್ಟಳು. ಮತ್ತೆ ಅದೇ ಹಾಡು. ಈ ಕೆಲಸ ನನ್ನ ಕೈಲಾಗದು ಎಂಬ ಮಾತು ಅವಳ ತುಟಿಯವರೆಗೆ ಬಂದಿತ್ತು.

ಕೊನೆಗೆ ಒಂದು ಉಪಾಯ ಮಾಡಿದಳು. ಸಣ್ಣ ಚಲನೆಗಳನ್ನು ಲೆಕ್ಕಕ್ಕೆ ಹಿಡಿಯದಂತೆ ಯಂತ್ರಕ್ಕೆ ಕಟ್ಟುಹಾಕಿದಳು. ಯಂತ್ರ ತೆಪ್ಪಗಾಯಿತು. ಇಟ್ಟಲ್ಲೇ ಇದ್ದೇನೆ ಎಂದು ಹೇಳತೊಡಗಿತು. ಜೊತೆಯವರು ಸಿಹಿ ಹಂಚಿದರು. ಅವಳಿಗೂ ಎದೆ ಹಗುರವಾಯಿತು.

ನೌಕೆಯ ಕಪ್ತಾನ ನೋಡಲು ಬಂದ. ಕಂಬದ ಮೇಲಿನ ಹಲಗೆಯನ್ನು ಸುತ್ತಿಸಲು ಒಂದು ತಿರುಪು ಇತ್ತು. ಮಾತನಾಡುತ್ತಲೇ ಆತ ಅದನ್ನು ಬಲು ನಿಧಾನವಾಗಿ ತಿರುಗಿಸುತ್ತ ಹೋದ. ಗಡಿಯಾರದ ಸಣ್ಣ ಮುಳ್ಳಿನ ಹಾಗೆ, ಕಣ್ಣಿಗೆ ಕಾಣದ ಓಟ. ಚಹಾ ಬಂತು, ಮಾತು ಬೆಳೆಯಿತು. ಕಪ್ತಾನ ಏಳುವ ಹೊತ್ತಿಗೆ, ಕಿಟಕಿಗೆ ಮುಖ ಮಾಡಿದ್ದ ಯಂತ್ರ ಗೋಡೆಗೆ ಮುಖ ಮಾಡಿತ್ತು. ಆದರೂ ಇಟ್ಟಲ್ಲೇ ಇದ್ದೇನೆ ಎನ್ನುತ್ತಿತ್ತು.

“ಇದು ಸುಮ್ಮನಿರುವುದನ್ನು ಕಲಿತಿದೆಯಮ್ಮ, ಎಚ್ಚರವಾಗಿರುವುದನ್ನಲ್ಲ,” ಎಂದ ಕಪ್ತಾನ. “ನೀರಿನ ಸೆಳೆತ ನನ್ನ ನೌಕೆಯನ್ನು ಹೀಗೇ ತಿರುಗಿಸುತ್ತದೆ. ಬಂಡೆಗೆ ಬಡಿಯುವವರೆಗೂ ಇದು ಬಾಯಿ ಬಿಡುವುದಿಲ್ಲ. ನನ್ನನ್ನು ನಂಬಿ ಒಳಗೆ ಇಳಿಯುವವರು ಮಕ್ಕಳೊಂದಿಗರು.”

ಅವಳು ಅಂದೇ ಕಟ್ಟು ತೆಗೆದಳು. ಯಂತ್ರ ಮತ್ತೆ ಅಲೆಯತೊಡಗಿತು.

ಈ ಸಲ ಅದನ್ನು ಬಿಚ್ಚಲು ಹೋಗಲಿಲ್ಲ. ಪಕ್ಕದಲ್ಲಿ ಕೂತು ನೋಡಿದಳು. ಉತ್ತರಕ್ಕೆ ಮುಖ ಮಾಡಿಸಿ ನೋಡಿದಳು, ಪೂರ್ವಕ್ಕೆ ಮಾಡಿಸಿ ನೋಡಿದಳು, ತಲೆಕೆಳಗಾಗಿ ಇಟ್ಟು ನೋಡಿದಳು. ವಾರಗಳು ಕಳೆದವು. ನೋಡುತ್ತ ನೋಡುತ್ತ ಒಂದು ಸಂಗತಿ ತಿಳಿಯಿತು. ಅಲೆದಾಟ ಒಂದೇ ಆಗಿರಲಿಲ್ಲ, ಎರಡು ಬೆರೆತಿದ್ದವು. ಒಂದು, ಎತ್ತ ತಿರುಗಿಸಿ ಇಟ್ಟರೂ ಯಂತ್ರದ ಜೊತೆಗೇ ಬರುತ್ತಿತ್ತು. ಅದು ಯಂತ್ರದ ಸ್ವಂತ ಓರೆ. ದಿನವೂ ಅಷ್ಟೇ ಇರುವ ಓರೆಯನ್ನು ಅಳೆದುಕೊಂಡು ಕಳೆದರಾಯಿತು. ಇನ್ನೊಂದು ಅಲೆದಾಟ ಯಂತ್ರದ್ದಲ್ಲ. ಪೂರ್ವಕ್ಕೆ ಮುಖ ಮಾಡಿದ ಗಾಲಿ ಅದರ ಸುದ್ದಿಯನ್ನೇ ಎತ್ತುತ್ತಿರಲಿಲ್ಲ. ಅದೇ ಗಾಲಿ ಉತ್ತರಕ್ಕೆ ಮುಖ ಮಾಡಿದರೆ ಬಿಡದೆ ಹೇಳುತ್ತಿತ್ತು: ತಿರುಗುತ್ತಿದ್ದೇನೆ, ತಿರುಗುತ್ತಿದ್ದೇನೆ.

ತಿರುಗುತ್ತಿರುವುದು ಯಾವುದು? ಕಂಬವಲ್ಲ. ಕೋಣೆಯೂ ಅಲ್ಲ. ಅವಳು ತಲೆಯೆತ್ತಿದಳು. ಮಧ್ಯಾಹ್ನ ಕಿಟಕಿಯ ಬುಡದಲ್ಲಿದ್ದ ಬಿಸಿಲು ಎದುರು ಗೋಡೆಯನ್ನು ಹತ್ತಿತ್ತು.

ಭೂಮಿ ತಿರುಗುತ್ತಿತ್ತು. ಯಂತ್ರ ಮೊದಲ ದಿನದಿಂದಲೂ ಅದನ್ನೇ ಹೇಳುತ್ತಿತ್ತು.

ಒಬ್ಬಳೇ ಕೂತು ಗಟ್ಟಿಯಾಗಿ ನಕ್ಕಳು. ಆಮೇಲೆ ಕಣ್ಣು ಒರೆಸಿಕೊಂಡಳು. ಯಾವ ಅಲೆದಾಟದ ಬಾಯಿ ಮುಚ್ಚಿಸಲು ಹೊರಟಿದ್ದಳೋ ಅದರಿಂದಲೇ, ಯಾರೂ ತೋರಿಸದೆ ಉತ್ತರ ದಿಕ್ಕನ್ನು ಕಂಡುಕೊಳ್ಳುವುದನ್ನು ಯಂತ್ರಕ್ಕೆ ಕಲಿಸಿದಳು.

ಮಳೆಗಾಲ ಕಳೆದ ಮೇಲೆ ನೌಕೆ ನೀರಿನಾಳಕ್ಕೆ ಇಳಿದು ಪಯಣ ಹೊರಟಿತು. ಅವಳೂ ಅದರಲ್ಲಿ ಹೋದಳು. ಕಪ್ತಾನ ಬೇಡವೆನ್ನಲಿಲ್ಲ. ದಿನಗಟ್ಟಲೆ ಕಪ್ಪು ನೀರಿನಲ್ಲಿ ಯಂತ್ರ ಹೇಳಿದ ಹಾಗೆ ಸಾಗಿದರು. ತಲುಪಬೇಕಿದ್ದ ದ್ವೀಪದ ದೀಪಸ್ತಂಭ ಈಗ ನೇರ ಎದುರಿಗಿದೆ ಎಂದು ಯಂತ್ರ ಹೇಳಿದಾಗ ಕಪ್ತಾನ ಮೇಲೇಳಲು ಅಪ್ಪಣೆ ಕೊಟ್ಟ. ನೀರು ಸರಿದು ಬೆಳಕು ಬಂತು. ದೀಪಸ್ತಂಭ ಕಂಡಿತು, ನೇರ ಎದುರಿಗಲ್ಲ, ಒಂದಿಷ್ಟು ಎಡಕ್ಕೆ.

“ತಪ್ಪಿದೆ, ಕಪ್ತಾನರೇ,” ಎಂದಳು.

“ದಡ ಕಂಡಿತಲ್ಲ ತಾಯಿ. ನಾವು ಎಲ್ಲಿದ್ದೇವೆಂದು ಯಂತ್ರಕ್ಕೆ ಹೇಳಿ, ಇಲ್ಲಿಂದ ಮತ್ತೆ ಎಣಿಸಿಕೊಳ್ಳುತ್ತದೆ,” ಎಂದ ಕಪ್ತಾನ. ನಾವಿಕರು ಆಗಲೇ ಮೇಲೆ ಹತ್ತಿ, ಗಾಳಿಗೆ ಮೈಯೊಡ್ಡಿ, ಒಬ್ಬರನ್ನೊಬ್ಬರು ಕೂಗಿ ಕರೆಯುತ್ತಿದ್ದರು.

ಗುರುಗಳು ಇಷ್ಟು ಹೇಳಿ ನಿಲ್ಲಿಸಿದರು. ಗುರುಪಾದ, “ಹಾಗಾದರೆ ಬುದ್ಧಿ, ಈ ಮನಸ್ಸನ್ನು ಹೇಗೆ ನಿಲ್ಲಿಸಲಿ?” ಎಂದು ಕೇಳಿದ.

ಗುರುಗಳು ಕೇಳಿದರು: “ಅದು ಹೋಗುವುದು ಎಲ್ಲಿಗೆ ಎಂದು ಒಂದು ದಿನವಾದರೂ ನೋಡಿದ್ದೀಯಾ?”